ನಡುಗಡಲಿನಿಂದ ಗಾಳಿಗೊಂದು ಕಾಗದ

ಅಟ್ಲಾಸಿನಲ್ಲಿ ಭಾರತದ ಪುಟ ತೆರೆಯಿರಿ. ತಿಕೋಟಾದ ಹೆಸರು ಅದರಲ್ಲಿ ಇರಲಿಕ್ಕಿಲ್ಲ. ವಿಜಯಪುರದ ಚುಕ್ಕೆಯ ಎಡಕ್ಕೆ ಪೆನ್ಸಿಲಿನಿಂದ ನೀವೇ ಒಂದು ಚುಕ್ಕೆ ಇಟ್ಟುಕೊಳ್ಳಿ. ಅಲ್ಲಿಂದ ನೇರ ಪಶ್ಚಿಮಕ್ಕೆ ಗೆರೆ ಎಳೆದರೆ ಅದು ನಮ್ಮ ಕಡೆಯ ಮಂದಿ ದೊಡ್ಡ ದವಾಖಾನೆಗೆಂದು ಹೋಗುವ ಮಿರಜ, ಅದರ ಪಕ್ಕದ ಸಾಂಗಲಿ ದಾಟಿ, ಸಹ್ಯಾದ್ರಿ ಇಳಿದು, ರತ್ನಾಗಿರಿಗೆ ತುಸು ದಕ್ಷಿಣದಲ್ಲಿ ಅರಬ್ಬಿ ಸಮುದ್ರವನ್ನು ಮುಟ್ಟುತ್ತದೆ. ದೂರ ಸುಮಾರು 235 ಕಿಲೊಮೀಟರು. ಬೆಂಗಳೂರಿಗಿಂತ ಸಮುದ್ರವೇ ನಮಗೆ ಹತ್ತಿರ! ಆದರೂ ನಮ್ಮ ಮಕ್ಕಳಲ್ಲಿ ಕಡಲು ನೋಡಿದವರನ್ನು ಬೆರಳಲ್ಲಿ ಎಣಿಸಬಹುದು. 'ದೋಣಿ' ಎಂದರೆ ಅವರಿಗೆ ಮೊದಲು ನೆನಪಾಗುವುದು ಡೋಣಿ ಹೊಳೆ. ಅದು ಹರಿದರೆ ಓಣಿಯೆಲ್ಲ ಕಾಳು ಎಂಬ ಗಾದೆ.

ಒಂಬತ್ತನೆಯ ತರಗತಿಯಲ್ಲಿ ಅಕ್ಷಾಂಶ-ರೇಖಾಂಶಗಳ ಮಾತು ಬಂದಾಗ, ನಡುಸಮುದ್ರದಲ್ಲಿ ತೇಲುತ್ತಿರುವ ಹಾಯಿದೋಣಿಯವರು ನಾಳಿನ ಗಾಳಿ ಹೇಗೆ, ಅಲೆ ಎಷ್ಟು ಎತ್ತರ ಎಂದು ಇ-ಮೇಲ್ ಬರೆದು ಕೇಳಿ ತಿಳಿದುಕೊಳ್ಳುತ್ತಾರೆ, ಹಾಗೆ ಬರೆಯುವ ಕಾಗದದಲ್ಲಿ ಮೊದಲು ಬೇಕಾಗುವುದೇ ಅಕ್ಷಾಂಶ-ರೇಖಾಂಶ ಎಂದು ಹೇಳಿದೆ. ಕೂಡಲೆ ಎರಡನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, "ಸಮುದ್ರದಾಗ ಟವರ್ ಎಲ್ಲಿರ್ತಾವ್ರಿ ಸರ?" ಎಂದಳು. ಒಳ್ಳೆಯ ಪ್ರಶ್ನೆ. ಈ ವಾರದ ಅಂಕಣ ಆ ಪ್ರಶ್ನೆಯ ಬೆನ್ನು ಹತ್ತಿ ಹೊರಟದ್ದು. ಪಾಲಕರೂ ಓದಬಹುದು. ವಿಜಯಪುರದ ಸೈನಿಕ ಶಾಲೆ 1963ರಿಂದ ಈ ಬಯಲುಸೀಮೆಯಲ್ಲಿ ನಿಂತಿದೆ. ಹಡಗು ಹತ್ತುವ ಮಕ್ಕಳು ಸಮುದ್ರದ ಪಕ್ಕದಲ್ಲೇ ಹುಟ್ಟಬೇಕೆಂದೇನೂ ಇಲ್ಲ.

ಹಾಯಿದೋಣಿ ಎಂದರೆ ಹಳೆಯ ಕಾಲದ್ದು ಎಂದುಕೊಳ್ಳಬೇಡಿ. ಮಹದಾಯಿ ಎಂಬ ಹೆಸರು ಕೇಳಿದರೆ ನಮಗೆಲ್ಲ ನೆನಪಾಗುವುದು ಕಳಸಾ-ಬಂಡೂರಿ, ನ್ಯಾಯಮಂಡಳಿ, ಧರಣಿ. ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟಿ ಗೋವಾದಲ್ಲಿ ಮಾಂಡೋವಿಯಾಗಿ ಕಡಲು ಸೇರುವ ಆ ಹೊಳೆಯ ಹೆಸರೇ ನಮ್ಮ ನೌಕಾಪಡೆಯ ಒಂದು ಹಾಯಿದೋಣಿಗೂ ಇದೆ: 'ಮ್ಹಾದೈ'. ಗೋವಾದಲ್ಲೇ ಕಟ್ಟಿದ ದೋಣಿ. ಉದ್ದ 56 ಅಡಿ. ದಿಲೀಪ್ ದೋಂದೆ ಎಂಬ ನೌಕಾಧಿಕಾರಿ 2009ರ ಆಗಸ್ಟ್‌ನಲ್ಲಿ ಮುಂಬಯಿಯಿಂದ ಒಬ್ಬರೇ ಅದರಲ್ಲಿ ಹೊರಟು, ನಡುವೆ ಕೆಲವು ಬಂದರುಗಳಲ್ಲಿ ನಿಂತು, 2010ರ ಮೇ ತಿಂಗಳಲ್ಲಿ ಭೂಮಿ ಸುತ್ತಿ ಬಂದರು. ಹಾಗೆ ಒಂಟಿಯಾಗಿ ಹಾಯಿ ಕಟ್ಟಿ ಲೋಕ ಸುತ್ತಿದ ಮೊದಲ ಭಾರತೀಯ ಅವರು. ಅದೇ ದೋಣಿಯಲ್ಲಿ ಅಭಿಲಾಷ್ ಟೋಮಿ 2012ರ ನವೆಂಬರ್ 1ರಂದು ಹೊರಟು, ಎಲ್ಲಿಯೂ ದಡ ಮುಟ್ಟದೆ, 2013ರ ಮಾರ್ಚ್ ಕೊನೆಗೆ ಮರಳಿದರು. ಆಮೇಲೆ ಅದರ ತಂಗಿಯಂಥ 'ತಾರಿಣಿ' ಬಂತು. 2017-18ರಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು, 2024ರ ಅಕ್ಟೋಬರ್ 2ರಿಂದ 2025ರ ಮೇ 29ರವರೆಗೆ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು, ಗೋವಾದಿಂದ ಗೋವಾಕ್ಕೆ ಭೂಮಿ ಸುತ್ತಿದರು. ಈ ಇಬ್ಬರು 2025ರ ಜನವರಿ ಕೊನೆಯಲ್ಲಿ ದಕ್ಷಿಣ ಪೆಸಿಫಿಕ್ಕಿನ 'ಪಾಯಿಂಟ್ ನೀಮೋ' ಎಂಬ ಜಾಗದಲ್ಲಿದ್ದರು. ಅಲ್ಲಿಂದ ಯಾವ ದಿಕ್ಕಿಗೆ ಹೋದರೂ ನೆಲ ಸಿಗಬೇಕಾದರೆ ಸುಮಾರು 2,690 ಕಿಲೊಮೀಟರು. ತಲೆಯ ಮೇಲೆ 400 ಕಿಲೊಮೀಟರ್ ಎತ್ತರದಲ್ಲಿ ಬಾಹ್ಯಾಕಾಶ ನಿಲ್ದಾಣ ಹಾದುಹೋದಾಗ, ಹತ್ತಿರದ ನೆರೆಹೊರೆ ಎಂದರೆ ಅದರಲ್ಲಿರುವ ಗಗನಯಾತ್ರಿಗಳೇ!

ಇಂಥ ಕಡೆ ಟವರ್ ಎಲ್ಲಿಂದ ಬರಬೇಕು? ನಮ್ಮ ಮೊಬೈಲಿನ ಅಲೆಗಳು ಹೆಚ್ಚು ಕಡಿಮೆ ನೇರ ಗೆರೆಯಲ್ಲಿ ಸಾಗುತ್ತವೆ, ಭೂಮಿಯೋ ಗುಂಡಗಿದೆ. ದಡದಿಂದ ಹತ್ತು-ಹದಿನೈದು ಕಿಲೊಮೀಟರು ಹೋಗುವಷ್ಟರಲ್ಲಿ ಫೋನು ಮೂಕವಾಗುತ್ತದೆ. ಆಮೇಲೆ ಉಳಿಯುವ ದಾರಿ ಎರಡು. ಒಂದು, ಹಿಂದಿನವರ ಶಾರ್ಟ್‌ವೇವ್ ರೇಡಿಯೊ. ಮನೆಯಲ್ಲಿ ಅಜ್ಜ ರಾತ್ರಿ ಹೊತ್ತು ಮುಳ್ಳು ತಿರುಗಿಸಿ ರೇಡಿಯೊ ಸಿಲೋನ್ ಹಿಡಿಯುತ್ತಿದ್ದುದು ಇದೇ ಅಲೆಯಲ್ಲಿ. ನೆಲದಿಂದ ನೂರಾರು ಕಿಲೊಮೀಟರು ಮೇಲಿರುವ ಅಯಾನುಗೋಳ ಈ ಅಲೆಗಳನ್ನು ಕನ್ನಡಿಯಂತೆ ಕೆಳಕ್ಕೆ ತಿರುಗಿಸುವುದರಿಂದ ಅವು ಸಾವಿರಾರು ಕಿಲೊಮೀಟರು ಪುಟಿಯುತ್ತ ಹೋಗುತ್ತವೆ. ಇನ್ನೊಂದು, ಉಪಗ್ರಹ. ಇರಿಡಿಯಂ ಎಂಬ ಜಾಲದಲ್ಲಿ 66 ಉಪಗ್ರಹಗಳು ಧ್ರುವದಿಂದ ಧ್ರುವಕ್ಕೆ ಸುತ್ತುತ್ತ ಭೂಮಿಯ ಯಾವ ಮೂಲೆಯನ್ನೂ ಬಿಡುವುದಿಲ್ಲ.

ಎರಡೂ ಬಹಳ ನಿಧಾನ. ಇರಿಡಿಯಂ ಫೋನಿನ ಹಳೆಯ ದತ್ತಾಂಶ ಸಂಪರ್ಕದ ವೇಗ ಸೆಕೆಂಡಿಗೆ 2,400 ಬಿಟ್. ನಿಮ್ಮ ಮನೆಯ ಮೊಬೈಲು ಸೆಕೆಂಡಿಗೆ ಕೋಟಿಗಟ್ಟಲೆ ಬಿಟ್ ಎಳೆಯುತ್ತದೆ. ಒಂದು ಮದುವೆಯ ಫೋಟೊ ಇರಿಡಿಯಂ ಮೂಲಕ ಬರಬೇಕಾದರೆ ಊಟ ಮುಗಿಸಿ, ಎಲೆ-ಅಡಿಕೆ ಹಾಕಿಕೊಂಡು, ಒಂದು ನಿದ್ದೆ ತೆಗೆಯಬಹುದು. ರೇಡಿಯೊ ಇನ್ನೂ ನಿಧಾನ, ಆಕಾಶದ ಸ್ಥಿತಿ ಕೆಟ್ಟರೆ ಅದೂ ಇಲ್ಲ. ರೇಡಿಯೊದ ಮೇಲೆ ಇ-ಮೇಲ್ ಸಾಗಿಸುವ 'ಸೇಲ್‌ಮೇಲ್' ಎಂಬ ಸಂಘ ತನ್ನ ಸದಸ್ಯರಿಗೆ ವಾರಕ್ಕೆ 90 ನಿಮಿಷದ ಮಿತಿ ಹಾಕಿದೆ. ಇತ್ತೀಚಿನ ವರ್ಷಗಳಲ್ಲಿ ವೇಗದ ಉಪಗ್ರಹ ಸೇವೆಗಳು ಬಂದಿವೆ, ಹಣವಿರುವ ದೋಣಿಗಳು ಅವನ್ನು ಹಾಕಿಸಿಕೊಂಡಿವೆ. ಆದರೆ ಅವುಗಳ ತಟ್ಟೆಗೆ ವಿದ್ಯುತ್ತು ಹೆಚ್ಚು ಬೇಕು, ಉಪ್ಪುನೀರು ಯಾವ ಯಂತ್ರಕ್ಕೂ ನೆಂಟನಲ್ಲ. ಆದ್ದರಿಂದ ಅನುಭವಸ್ಥರು ಹಳೆಯ ನಿಧಾನದ ದಾರಿಯನ್ನೂ ಇಟ್ಟುಕೊಂಡೇ ಹೊರಡುತ್ತಾರೆ.

ಹೀಗಾಗಿ ಕಡಲಿನಿಂದ ಬರೆಯುವ ಕಾಗದದಲ್ಲಿ "ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರಗಳು, ಇಲ್ಲಿ ಎಲ್ಲ ಕ್ಷೇಮ" ಎಂಬುದಕ್ಕೆ ಜಾಗವಿಲ್ಲ. ಓದುವವನೂ ಮನುಷ್ಯನಲ್ಲ, ಒಂದು ಕಂಪ್ಯೂಟರು. 'ಸೇಲ್‌ಡಾಕ್ಸ್' ಎಂಬ ಉಚಿತ ಸೇವೆ ಇದಕ್ಕೆ ಹೆಸರುವಾಸಿ. ಅದಕ್ಕೆ ಕಳಿಸುವ ಮೇಲ್‌ನಲ್ಲಿ ಒಂದೇ ಸಾಲು ಇರುತ್ತದೆ. ನಿಜದಲ್ಲಿ ಅದನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ನಮ್ಮ ಅಕ್ಷರದಲ್ಲಿ ಬರೆದರೆ ಹೀಗೆ ಕಾಣುತ್ತದೆ:

ಕಳಿಸು ಜಿಎಫ್‌ಎಸ್: 12 ಉ, 17 ಉ, 69 ಪೂ, 74 ಪೂ | 1, 1 | 0, 6, 12 … 72 | ಗಾಳಿ, ಅಲೆ

ನಡುವಿನ ಉದ್ದಗೆರೆಗಳು ಕಾಗದವನ್ನು ನಾಲ್ಕು ಭಾಗ ಮಾಡಿವೆ. ಮೊದಲನೆಯದು ಎಲ್ಲಿ: ಉತ್ತರ ಅಕ್ಷಾಂಶ 12ರಿಂದ 17, ಪೂರ್ವ ರೇಖಾಂಶ 69ರಿಂದ 74. ಅಟ್ಲಾಸಿನಲ್ಲಿ ನೋಡಿ, ನಮ್ಮ ಕರಾವಳಿಯ ಎದುರಿನ ಅರಬ್ಬಿ ಸಮುದ್ರದ ಒಂದು ಚೌಕ ಅದು. ಎರಡನೆಯದು ಎಷ್ಟು ಒತ್ತಾಗಿ: ಒಂದೊಂದು ಡಿಗ್ರಿಗೆ ಒಂದು ಬಿಂದು. ಮೂರನೆಯದು ಯಾವಾಗ: ಈಗಿನಿಂದ 72 ಗಂಟೆಯವರೆಗೆ, ಆರು ಗಂಟೆಗೊಮ್ಮೆ. ನಾಲ್ಕನೆಯದು ಏನು: ಗಾಳಿ ಮತ್ತು ಅಲೆ. ಮೊದಲಿನ 'ಜಿಎಫ್‌ಎಸ್' ಎನ್ನುವುದು ಅಮೆರಿಕದ ಹವಾಮಾನ ಸಂಸ್ಥೆ ದಿನಕ್ಕೆ ನಾಲ್ಕು ಸಲ ನಡೆಸುವ, ಇಡೀ ಭೂಗೋಳದ ಹವೆಯನ್ನು ಲೆಕ್ಕ ಹಾಕುವ ಗಣಿತ ಮಾದರಿಯ ಹೆಸರು. ಮೇಲ್ ಹೋದ ಕೆಲವೇ ನಿಮಿಷಗಳಲ್ಲಿ ಉತ್ತರ ಸಿದ್ಧವಾಗಿರುತ್ತದೆ. ಮುಂದಿನ ಸಲ ಸಂಪರ್ಕ ಸಿಕ್ಕಾಗ ಇಳಿಸಿಕೊಂಡರಾಯಿತು.

ಉತ್ತರವಾಗಿ ಬರುವುದು ಚಿತ್ರವೂ ಅಲ್ಲ, ವಾಕ್ಯವೂ ಅಲ್ಲ, ಬರೀ ಅಂಕಿಗಳು. ಗ್ರಾಫ್ ಹಾಳೆಯ ಗೆರೆಗಳು ಕೂಡುವ ಒಂದೊಂದು ಬಿಂದುವಿನಲ್ಲೂ ಒಂದೊಂದು ಅಂಕಿ ಕೂರಿಸಿದ್ದಾರೆಂದು ಊಹಿಸಿ. ವಿಶ್ವ ಹವಾಮಾನ ಸಂಸ್ಥೆ ಗೊತ್ತುಮಾಡಿದ 'ಗ್ರಿಬ್' ಎಂಬ ಕ್ರಮದಲ್ಲಿ ಆ ಅಂಕಿಗಳನ್ನು ಒತ್ತಿ, ಮಡಚಿ, ಸಣ್ಣ ಗಂಟು ಕಟ್ಟಿ ಕಳಿಸುತ್ತಾರೆ. ಗಂಟು ಬಿಚ್ಚಿ ನಕ್ಷೆಯ ಮೇಲೆ ಬಾಣಗಳಾಗಿ ತೋರಿಸುವ ಕೆಲಸ ದೋಣಿಯಲ್ಲಿರುವ ಕಂಪ್ಯೂಟರಿನದು.

ಈಗ ಪೆನ್ಸಿಲು ತಗೊಳ್ಳಿ, ಲೆಕ್ಕವೇ ಇದರ ಸ್ವಾರಸ್ಯ. 12ರಿಂದ 17ರವರೆಗೆ ಒಂದೊಂದು ಡಿಗ್ರಿಗೆ ಎಷ್ಟು ಗೆರೆ? ಐದಲ್ಲ, ಆರು, ಬೇಲಿಯ ಕಂಬ ಎಣಿಸುವ ಲೆಕ್ಕ ಇದು, ಹುಡುಗರು ಇಲ್ಲಿ ಎಡವುವುದು ರೂಢಿ. ಅಡ್ಡ ಆರು, ಉದ್ದ ಆರು, ಒಟ್ಟು 36 ಬಿಂದು. ಸೊನ್ನೆಯಿಂದ 72ರವರೆಗೆ ಆರು ಗಂಟೆಗೊಮ್ಮೆ ಎಂದರೆ 13 ಹೊತ್ತು. ಪ್ರತಿ ಬಿಂದುವಿಗೆ ಗಾಳಿಯದು ಎರಡು ಅಂಕಿ (ಯಾಕೆಂದು ಮುಂದೆ ಹೇಳುತ್ತೇನೆ), ಅಲೆಯ ಎತ್ತರದ್ದು ಒಂದು, ಒಟ್ಟು ಮೂರು. ಗುಣಿಸಿದರೆ 1,404 ಅಂಕಿಗಳು. ಒಂದೊಂದಕ್ಕೆ 10 ಬಿಟ್ ಎಂದು ಇಟ್ಟುಕೊಂಡರೆ 14,040 ಬಿಟ್. ಇರಿಡಿಯಂನಲ್ಲಿ ಆರು ಸೆಕೆಂಡು ಸಾಕು!

ಇನ್ನು ಆಸೆಬುರುಕ ದೋಣಿಯವನನ್ನು ನೋಡೋಣ. ಅವನಿಗೆ ಒಂದು ಡಿಗ್ರಿ ಸಾಲದು, ಕಾಲು ಡಿಗ್ರಿಯ ಜಾಲ ಬೇಕು. ಐದು ಡಿಗ್ರಿಯ ಚೌಕ ಸಾಲದು, ಇಪ್ಪತ್ತು ಬೇಕು. ಈಗ ಒಂದು ಬದಿಗೆ 81 ಬಿಂದು, ಒಟ್ಟು 6,561. ಅದನ್ನು 13ರಿಂದಲೂ 3ರಿಂದಲೂ ಗುಣಿಸಿದರೆ ಎರಡೂವರೆ ಲಕ್ಷ ಅಂಕಿಗಳ ಮೇಲಾಯಿತು. ಇರಿಡಿಯಂನಲ್ಲಿ ಸುಮಾರು 18 ನಿಮಿಷ. ರೇಡಿಯೊದಲ್ಲಿ ಸೆಕೆಂಡಿಗೆ 600 ಬಿಟ್ ಸಿಕ್ಕಿತೆಂದುಕೊಂಡರೆ 71 ನಿಮಿಷ; ಸೇಲ್‌ಮೇಲ್‌ನವರು ಕೊಟ್ಟ ಇಡೀ ವಾರದ ಹೊತ್ತು ಬಹುಪಾಲು ಒಂದೇ ಕಾಗದಕ್ಕೆ ತೀರಿತು. ಅಷ್ಟರಲ್ಲಿ ಆಕಾಶ ಕೆಟ್ಟು ಸಂಪರ್ಕ ಹರಿದರೆ ಕೈಯಲ್ಲಿ ಏನೂ ಇಲ್ಲ.

ಕಾಲು ಡಿಗ್ರಿ ಎಂದರೆ ನೆಲದ ಮೇಲೆ ಎಷ್ಟು? ಉತ್ತರ-ದಕ್ಷಿಣ ಒಂದು ಡಿಗ್ರಿಗೆ 111 ಕಿಲೊಮೀಟರು, ಅಂದರೆ ಕಾಲು ಡಿಗ್ರಿಗೆ ಸುಮಾರು 28. ತಿಕೋಟಾದಲ್ಲಿ ಒಂದು ಬಿಂದು ಇಟ್ಟರೆ ಮುಂದಿನದು ವಿಜಯಪುರವನ್ನು ತುಸು ದಾಟಿ ಬೀಳುತ್ತದೆ. ನಡುವೆ ಒಂದು ಹೊಲದಲ್ಲಿ ಮಳೆಯಾಗಿ ಬದುವಿನಾಚೆ ಧೂಳೆದ್ದದ್ದನ್ನು ನಾವೆಲ್ಲ ಕಂಡವರು. ಅದು ಈ ಜಾಲದ ಕಣ್ಣಿಗೆ ಬೀಳುವುದೇ ಇಲ್ಲ. 2025ರ ಮೇ 26ರಂದು ನಮ್ಮ ದೇಶವೇ 'ಭಾರತ್ ಫೋರ್‌ಕಾಸ್ಟ್ ಸಿಸ್ಟಮ್' ಎಂಬ 6 ಕಿಲೊಮೀಟರ್ ಜಾಲದ ಮಾದರಿಯನ್ನು ಆರಂಭಿಸಿತು. ಜಾಲ ಸಣ್ಣದಾದಷ್ಟೂ ಲೆಕ್ಕ ಎಷ್ಟು ಬೆಳೆಯುತ್ತದೆಂದು ಮೇಲಿನ ಗುಣಾಕಾರ ಮಾಡಿದವರಿಗೆ ಹೇಳಬೇಕಾಗಿಲ್ಲ.

ಗಾಳಿಗೆ ಎರಡು ಅಂಕಿ ಯಾಕೆಂದೆ. ಗಾಳಿ ಸದಿಶ. ಎಷ್ಟು ಎಂಬುದರ ಜೊತೆ ಯಾವ ಕಡೆಗೆ ಎಂಬುದೂ ಬೇಕು. ಅದಕ್ಕಾಗಿ ಪೂರ್ವದ ಕಡೆಗೆ ಎಷ್ಟು ವೇಗ, ಉತ್ತರದ ಕಡೆಗೆ ಎಷ್ಟು ವೇಗ ಎಂದು ಬಿಡಿಸಿ ಕೊಡುತ್ತಾರೆ. ಪೂರ್ವಕ್ಕೆ 6, ಉತ್ತರಕ್ಕೆ 8 ಮೀಟರ್ ಪ್ರತಿ ಸೆಕೆಂಡಿಗೆ ಎಂದು ಬಂತೆನ್ನಿ. ಪೈಥಾಗೊರಸನನ್ನು ಕರೆಯಿರಿ: 36 ಕೂಡಿಸು 64, ನೂರು, ವರ್ಗಮೂಲ 10. ಸೆಕೆಂಡಿಗೆ 10 ಮೀಟರ್ ಎಂದರೆ ಗಂಟೆಗೆ 36 ಕಿಲೊಮೀಟರು; ನಾವಿಕರ ಲೆಕ್ಕದಲ್ಲಿ ಸುಮಾರು 19 ನಾಟ್. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೊಮೀಟರು. ದಿಕ್ಕು? ಗಾಳಿ ಹೋಗುತ್ತಿರುವುದು ಈಶಾನ್ಯದತ್ತ, ಆದರೆ ಅದರ ಹೆಸರು ನೈಋತ್ಯ ಗಾಳಿ. ಗಾಳಿಗೆ ಹೆಸರು ಬರುವುದು ಹುಟ್ಟಿದ ಕಡೆಯಿಂದ, ಹೋಗುವ ಕಡೆಯಿಂದಲ್ಲ. ನಮ್ಮ ನೈಋತ್ಯ ಮಾರುತವೂ ಹಾಗೆಯೇ ಹೆಸರು ಪಡೆದದ್ದು. ಸಮಾಂತರ ಚತುರ್ಭುಜ ನಿಯಮವನ್ನು ಬಾಯಿಪಾಠ ಮಾಡಿ ಐದು ಅಂಕ ಗಳಿಸಿ ಮರೆಯುವವರಿಗೆ ಒಂದು ಸುದ್ದಿ: ಆ ನಿಯಮದ ಮೇಲೆ ಹಾಯಿ ಎತ್ತುವುದೋ ಇಳಿಸುವುದೋ ಎಂದು ತೀರ್ಮಾನಿಸುವ ಜನ ಇದ್ದಾರೆ. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಹಾಯಿ ಮಡಚುವುದು ತಡವಾದರೆ ಕೂವೆಮರವೇ ಮುರಿಯುತ್ತದೆ.

ಅಲೆಯ ಎತ್ತರದ ಅಂಕಿಯಲ್ಲಿ ಒಂದು ಮೋಸ ಅಡಗಿದೆ. 3 ಮೀಟರು ಎಂದು ಬಂದರೆ ಎಲ್ಲ ಅಲೆಗಳೂ 3 ಮೀಟರ್ ಎಂದಲ್ಲ. ಒಂದು ಹೊತ್ತಿನ ಅಲೆಗಳನ್ನೆಲ್ಲ ಎತ್ತರದ ಪ್ರಕಾರ ಸಾಲು ನಿಲ್ಲಿಸಿ, ಮೇಲಿನ ಮೂರನೆಯ ಒಂದು ಭಾಗದ ಸರಾಸರಿ ತೆಗೆದರೆ ಬರುವ ಅಂಕಿ ಅದು. ತರಗತಿಯ ಅರವತ್ತು ಮಕ್ಕಳಲ್ಲಿ ಮೊದಲ ಇಪ್ಪತ್ತರ ಸರಾಸರಿ ಹೇಳಿದಂತೆ. ತಾಸುಗಟ್ಟಲೆ ಕಾದರೆ ನಡುವೆ ಎಂದೋ ಒಂದು ಅಲೆ ಅದರ ಎರಡು ಪಟ್ಟು ಹತ್ತಿರ, ಅಂದರೆ 6 ಮೀಟರು, ಎದ್ದು ಬರುತ್ತದೆ. ನಮ್ಮ ಶಾಲೆಯ ಮಾಳಿಗೆಗಿಂತ ಎತ್ತರ.

ಗಾಳಿಯನ್ನು ಕೇಳಿದ ಮೇಲೆ ಅಲೆಯನ್ನು ಬೇರೆಯಾಗಿ ಯಾಕೆ ಕೇಳಬೇಕು? ಅಲೆ ಎಬ್ಬಿಸಿದ ಗಾಳಿ ಬೇರೆ ಕಡೆ, ಬೇರೆ ದಿನ ಬೀಸಿರಬಹುದು, ಅದಕ್ಕೆ. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಉದ್ದ ಅಲೆಗಳು, ಒಂದರ ಹಿಂದೆ ಒಂದು 16 ಸೆಕೆಂಡಿನ ಅಂತರದಲ್ಲಿ ಬರುವಂಥವು, ತಮ್ಮ ಶಕ್ತಿಯನ್ನು ಗಂಟೆಗೆ ಸುಮಾರು 45 ಕಿಲೊಮೀಟರ್ ವೇಗದಲ್ಲಿ ಹೊತ್ತು ತರುತ್ತವೆ. 6,000 ಕಿಲೊಮೀಟರ್ ದೂರದಿಂದಾದರೆ ಐದೂವರೆ ದಿನ. ಇಲ್ಲಿ ಗಾಳಿಯೇ ಇರುವುದಿಲ್ಲ, ಆಕಾಶ ತಿಳಿಯಾಗಿರುತ್ತದೆ, ಕಡಲು ಮಾತ್ರ ಇದ್ದಕ್ಕಿದ್ದಂತೆ ದಡ ಹತ್ತುತ್ತದೆ. ಕೇರಳದ ಮೀನುಗಾರರು ಇದನ್ನು 'ಕಳ್ಳಕ್ಕಡಲ್' ಎನ್ನುತ್ತಾರೆ. ಹೇಳದೆ ಕೇಳದೆ ಕಳ್ಳನಂತೆ ಬರುವ ಕಡಲು.

ಇಷ್ಟೆಲ್ಲ ಅಂಕಿ ಬಂದರೂ ಅವನ್ನು ಮನುಷ್ಯರು ಯಾರೂ ನೋಡಿ, ತಿದ್ದಿ ಕಳಿಸಿರುವುದಿಲ್ಲ. ಲೆಕ್ಕ ಹಾಕಿದ್ದು ಯಂತ್ರ, ಕಳಿಸಿದ್ದೂ ಯಂತ್ರ. ಜೊತೆಗೆ ಲೆಕ್ಕ ಆರಂಭವಾಗುವುದು ನಮ್ಮ ಗಡಿಯಾರದ ಬೆಳಿಗ್ಗೆ ಐದೂವರೆ, ಹನ್ನೊಂದೂವರೆ, ಸಂಜೆ ಐದೂವರೆ, ರಾತ್ರಿ ಹನ್ನೊಂದೂವರೆಯ ಸ್ಥಿತಿಯಿಂದ. ಫಲಿತಾಂಶ ಹೊರಬೀಳಲು ಮತ್ತೆ ಮೂರು-ನಾಲ್ಕು ತಾಸು ಬೇಕು. ಹೀಗಾಗಿ ಬೆಳಿಗ್ಗೆ ಎಂಟಕ್ಕೆ ಕೈಗೆ ಬಂದ ಕಡತ ಹಿಂದಿನ ರಾತ್ರಿಯದು. ನುರಿತ ನಾವಿಕರು ಮೊದಲು ಮಾಡುವ ಕೆಲಸವೆಂದರೆ, ನಾಳೆಯದನ್ನು ಬಿಟ್ಟು, ಕಡತದಲ್ಲಿ 'ಈ ಹೊತ್ತಿಗೆ' ಎಂದು ಏನಿದೆ ಎಂದು ನೋಡುವುದು. ನೈಋತ್ಯ 15 ನಾಟ್ ಎಂದು ಬರೆದಿದ್ದು, ಹೊರಗೆ ವಾಯವ್ಯದಿಂದ 25 ಬೀಸುತ್ತಿದ್ದರೆ, ಆ ಕಡತದ ನಾಳೆಯನ್ನು ನಂಬುವುದು ಹೇಗೆ? ಇಲ್ಲಿ ತೀರ್ಪು ಹೇಳುವುದು ಗೋಡೆಗೆ ತೂಗುಹಾಕಿದ ವಾಯುಭಾರಮಾಪಕ. ಟಾರಿಸೆಲ್ಲಿ 1643ರಲ್ಲಿ ಪಾದರಸದ ಕೊಳವೆ ಬೋರಲು ಹಾಕಿದಂದಿನಿಂದ ಆ ಸಾಧನಕ್ಕೆ ಇ-ಮೇಲೂ ಬೇಡ, ಉಪಗ್ರಹವೂ ಬೇಡ.

ಬರೀ ಅದನ್ನೇ ನೆಚ್ಚಿ ಹೊರಟವರೂ ಇದ್ದಾರೆ. ಹೇಳಿದೆನಲ್ಲ, ಅದೇ ಅಭಿಲಾಷ್ ಟೋಮಿ 2018ರಲ್ಲಿ 'ಗೋಲ್ಡನ್ ಗ್ಲೋಬ್' ಎಂಬ ಒಂಟಿ ಓಟಕ್ಕೆ ಇಳಿದರು. 1968ರ ಕಾಲದಲ್ಲಿ ಇದ್ದಂಥ ಸಾಧನಗಳಿಂದಲೇ ದಾರಿ ಕಾಣಬೇಕೆಂಬುದು ಅದರ ನಿಯಮ. ಗ್ರಿಬ್ ಕಡತ ಇಲ್ಲ, ಸೂರ್ಯ-ನಕ್ಷತ್ರ ನೋಡಿ ಲೆಕ್ಕ ಹಾಕಬೇಕು, ರೇಡಿಯೊದಲ್ಲಿ ಕೇಳಿಸಿದ್ದೇ ಹವಾಮಾನ. ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ದೋಣಿ ಮಗುಚಿ ಎದ್ದಿತು, ಕೂವೆಮರ ಮುರಿಯಿತು, ಬೆನ್ನುಮೂಳೆಗೆ ಪೆಟ್ಟಾಗಿ ಅವರು ಏಳಲಾರದೆ ಬಿದ್ದರು. ತುರ್ತಿಗೆಂದು ಇಟ್ಟಿದ್ದ ಪುಟ್ಟ ಉಪಗ್ರಹ ಸಾಧನದಿಂದ ಅವರು ಕಳಿಸಿದ್ದು ಕೆಲವೇ ಪದಗಳು: ದೋಣಿ ಉರುಳಿತು, ಕೂವೆ ಹೋಯಿತು, ಬೆನ್ನಿಗೆ ಪೆಟ್ಟು, ಏಳಲಾರೆ. ಆ ಪದಗಳೇ ನಮ್ಮ ನೌಕಾಪಡೆಯ ವಿಮಾನವನ್ನು ಅಲ್ಲಿಗೆ ಕರೆದವು. ಸೆಪ್ಟೆಂಬರ್ 24ರಂದು 'ಒಸಿರಿಸ್' ಎಂಬ ಫ್ರೆಂಚ್ ನೌಕೆ ಅವರನ್ನು ಎತ್ತಿಕೊಂಡಿತು. ಆ ಮನುಷ್ಯ ಅದೇ ಓಟಕ್ಕೆ 2022ರಲ್ಲಿ ಮತ್ತೆ ಇಳಿದು 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಮುಗಿಸಿದರು. ಬಡ್ತಿಗಾಗಿ ಅಲ್ಲ, ಬಹುಮಾನಕ್ಕಾಗಿಯೂ ಇರಲಾರದು. ಯಾಕೆ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಅವರದು ತಾವಾಗಿ ಒಪ್ಪಿಕೊಂಡ ನಿಯಮ. ಕೇಳುವ ಸಾಧನವೇ ಇಲ್ಲದೆ ಕಡಲಿಗೆ ಹೋಗುವವರ ಮಾತು ಬೇರೆ.

2017ರ ನವೆಂಬರ್ ಕೊನೆಯಲ್ಲಿ ಕನ್ಯಾಕುಮಾರಿಯ ಬಳಿ ಒಖಿ ಚಂಡಮಾರುತ ಎದ್ದಿತು. ಶ್ರೀಲಂಕಾದ ಹತ್ತಿರದ ವಾಯುಭಾರ ಕುಸಿತ ಒಂದೆರಡು ದಿನದೊಳಗೆ ಚಂಡಮಾರುತವಾಗಿ ಬೆಳೆದದ್ದು. ಹವಾಮಾನ ಇಲಾಖೆ ನವೆಂಬರ್ 30ರಂದು ಅದನ್ನು ಚಂಡಮಾರುತ ಎಂದು ಘೋಷಿಸುವ ಹೊತ್ತಿಗೆ ಕೇರಳ, ತಮಿಳುನಾಡಿನ ಎಷ್ಟೋ ದೋಣಿಗಳು ವಾರಗಟ್ಟಲೆಯ ಆಳಸಮುದ್ರ ಮೀನುಗಾರಿಕೆಗೆಂದು ಆಗಲೇ ಹೋಗಿಯಾಗಿತ್ತು. ಎಚ್ಚರಿಕೆ ಟಿವಿಯಲ್ಲಿತ್ತು, ರೇಡಿಯೊದಲ್ಲಿತ್ತು, ಬಂದರಿನ ಕಂಬದ ಮೇಲೆ ಏರಿಸುವ ಸಂಕೇತದಲ್ಲೂ ಇತ್ತು. 1864ರ ಕಲ್ಕತ್ತಾ ಚಂಡಮಾರುತದ ತರುವಾಯ ನಮ್ಮಲ್ಲಿ ಬಂದ ಕ್ರಮ ಈ ಬಂದರು ಸಂಕೇತ. ಇನ್ನೂ ಹೊರಡದವನಿಗೆ ಅದು ಕಾಣುತ್ತದೆ, ಹೊರಟುಹೋದವನಿಗೆ ಬೆನ್ನ ಹಿಂದಿನ ಕಂಬ ಕಂಡೀತೆ? ನೂರಾರು ಮಂದಿ ಹೋದರು. ಬದುಕುಳಿದ ದೋಣಿಗಳು ಗಾಳಿ ಹೊಡೆದ ಕಡೆ ತೇಲುತ್ತ ಲಕ್ಷದ್ವೀಪ, ಕರ್ನಾಟಕ, ಮಹಾರಾಷ್ಟ್ರ, ಗುಜರಾತಿನ ದಡಗಳಿಗೆ ಬಂದು ಬಿದ್ದವು.

ಆ ಮೀನುಗಾರರೂ ಉಪಗ್ರಹ ಫೋನು ಇಟ್ಟುಕೊಂಡು ಹಾಯಿದೋಣಿಯವರ ಹಾಗೆ ಒಂದು ಸಾಲು ಬರೆದು ಕೇಳಬಾರದಿತ್ತೆ? ಬೆಲೆಯ ಮಾತು ಹಾಗಿರಲಿ. ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಇರಿಡಿಯಂ, ತುರಾಯಾ ಫೋನು ಬಳಸುವುದು ಅಪರಾಧ. ಭದ್ರತೆಯ ಕಾರಣ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಒಖಿಯ ಲೆಕ್ಕವನ್ನೂ ಅಲ್ಲಗಳೆಯುವಂತಿರಲಿಲ್ಲ. ಹೈದರಾಬಾದಿನಲ್ಲಿ 'ಇನ್‌ಕಾಯಿಸ್' ಎಂಬ ಕೇಂದ್ರ ಸರ್ಕಾರದ ಸಂಸ್ಥೆಯಿದೆ. ಸಾಗರದ ಅಲೆ, ಗಾಳಿ, ಪ್ರವಾಹಗಳ ಮುನ್ಸೂಚನೆಯನ್ನೂ ಮೀನು ಸಿಗಬಹುದಾದ ಜಾಗಗಳ ಮಾಹಿತಿಯನ್ನೂ ಅದು ಪ್ರಾದೇಶಿಕ ಭಾಷೆಗಳಲ್ಲಿ ಕೊಡುತ್ತದೆ. ಅದರ ಮುನ್ಸೂಚನೆ ಮೊಬೈಲ್ ಟವರಿನ ಎಲ್ಲೆಯಲ್ಲೇ ನಿಂತುಬಿಡುತ್ತಿತ್ತು. 2019ರ ಅಕ್ಟೋಬರ್‌ನಲ್ಲಿ 'ಜೆಮಿನಿ' ಎಂಬ ಸಣ್ಣ ಪೆಟ್ಟಿಗೆ ಬಿಡುಗಡೆಯಾಯಿತು. ವಿಮಾನಗಳಿಗೆ ದಾರಿ ತೋರಿಸುವ ನಮ್ಮದೇ 'ಗಗನ್' ವ್ಯವಸ್ಥೆಯ ಉಪಗ್ರಹದಿಂದ ಸಂದೇಶ ಹಿಡಿದು, ಪಕ್ಕದಲ್ಲಿರುವ ಮೊಬೈಲಿಗೆ ಬ್ಲೂಟೂತ್ ಮೂಲಕ ದಾಟಿಸುವ ಪೆಟ್ಟಿಗೆ ಅದು. ಟವರ್ ಬೇಡ.

ಆದರೆ ಜೆಮಿನಿಗೆ ಕಿವಿಯಿದೆ, ಬಾಯಿಲ್ಲ. ಬಂದದ್ದನ್ನು ಕೇಳಿಸಿಕೊಳ್ಳಬಹುದು, "ನಾನು ಇಲ್ಲಿದ್ದೇನೆ, ಇಲ್ಲಿ ಏನಾಗುತ್ತದೆ?" ಎಂದು ಕೇಳುವಂತಿಲ್ಲ. ದ್ರಾಕ್ಷಿ ಬೆಳೆಯುವ ನಮ್ಮ ರೈತರಿಗೆ ಈ ವ್ಯತ್ಯಾಸ ಬೇಗ ಅರ್ಥವಾಗುತ್ತದೆ. ಮನೂಕ ಒಣಗಲು ಹಾಕಿರುವಾಗ ಮೋಡ ಕಟ್ಟಿದರೆ, ರೇಡಿಯೊದಲ್ಲಿ 'ಉತ್ತರ ಒಳನಾಡಿನ ಅಲ್ಲಲ್ಲಿ ಮಳೆ' ಎಂಬುದನ್ನು ಕೇಳಿ ಸಮಾಧಾನವಾದೀತೆ? ವರುಣಮಿತ್ರ ಸಹಾಯವಾಣಿಗೆ ಫೋನು ಹಚ್ಚಿ, ಹೋಬಳಿಯ ಹೆಸರು ಹೇಳಿ, "ಇವತ್ತು ರಾತ್ರಿ ನಮ್ಮಲ್ಲಿ ಬರ್ತದೇನ್ರಿ?" ಎಂದೇ ಕೇಳಬೇಕು. ಯಾವ ಜಾಗ, ಯಾವ ಹೊತ್ತು, ಏನು: ಹಾಯಿದೋಣಿಯವನ ಕಾಗದದಲ್ಲಿರುವುದೂ ಅದೇ. ತೋಟದಲ್ಲಿ ನಿಂತವನಿಗೆ ಟವರಿದೆ, ಮಲ್ಪೆಯಿಂದ ನೂರಾರು ಕಿಲೊಮೀಟರು ಹೋದವನಿಗೆ ಇಲ್ಲ.

ಬಾಯಿ ಕೊಡುವ ಕೆಲಸ 2024ರಲ್ಲಿ ಆರಂಭವಾಯಿತು. ಆ ವರ್ಷದ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಪ್ರಧಾನಿಯವರು ಚಾಲನೆ ಕೊಟ್ಟ ಯೋಜನೆಯಲ್ಲಿ, ಕರಾವಳಿ ರಾಜ್ಯಗಳ ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರ್ ಅಳವಡಿಸುವುದೆಂದಾಯಿತು. ಇದರಲ್ಲಿ ಸಂದೇಶ ಎರಡೂ ಕಡೆ ಸಾಗುತ್ತದೆ. ಅಪಾಯದಲ್ಲಿದ್ದೇವೆ ಎಂದು ದೋಣಿಯಿಂದ ದಡಕ್ಕೆ ತಿಳಿಸಬಹುದು, ದಡದಿಂದ ಎಚ್ಚರಿಕೆ ದೋಣಿಗೆ ಹೋಗುತ್ತದೆ. ಸೇಲ್‌ಡಾಕ್ಸ್‌ನಂತೆ ತನಗೆ ಬೇಕಾದ ಚೌಕ, ಬೇಕಾದ ಹೊತ್ತು ಹೇಳಿ ಅಂಕಿ ತರಿಸಿಕೊಳ್ಳುವಷ್ಟು ದೂರ ಇದು ಹೋಗಿಲ್ಲ. ಕನ್ನಡದಲ್ಲಿ ಒಂದು ಸಾಲು ಬರೆದರೆ ಕನ್ನಡದಲ್ಲೇ ಉತ್ತರ ಬರುವಂಥದ್ದನ್ನು ಯಾರಾದರೂ ಮಾಡಬೇಕು. ಅದು ಅಸಾಧ್ಯದ ಕೆಲಸವೇನಲ್ಲ. ಮೇಲಿನ ಲೆಕ್ಕ ನೋಡಿದಿರಲ್ಲ, ಒಂದೇ ಒಂದು ಬಿಂದುವಿನ ಮೂರು ದಿನದ ಗಾಳಿ-ಅಲೆಗೆ ಬೇಕಾಗುವುದು 39 ಅಂಕಿ, 390 ಬಿಟ್!

ಇನ್ನೊಂದು ಮಾತು. ಈ ಅಂಕಿಗಳು ಆಕಾಶದಿಂದ ಉದುರುವುದಿಲ್ಲ. ಗಣಿತ ಮಾದರಿ ಲೆಕ್ಕ ಶುರುಮಾಡಲು ಈ ಹೊತ್ತಿಗೆ ಎಲ್ಲೆಲ್ಲಿ ಎಷ್ಟು ಒತ್ತಡ, ಎಷ್ಟು ಗಾಳಿ ಎಂಬುದನ್ನು ಯಾರಾದರೂ ಅಳೆದು ಕೊಡಬೇಕು. ನೆಲದ ಮೇಲೆ ವೀಕ್ಷಣಾಲಯಗಳಿವೆ, ಆಕಾಶದಲ್ಲಿ ಉಪಗ್ರಹಗಳಿವೆ. ನಡುಗಡಲಿನಲ್ಲಿ ತೇಲುಬುರುಡೆಗಳು ಕೆಲವು, ಉಳಿದಂತೆ ದಾರಿಹೋಕ ಹಡಗುಗಳೇ ಆಧಾರ. ಹಡಗಿನ ಅಧಿಕಾರಿಗಳು ಗೊತ್ತಾದ ಹೊತ್ತಿಗೆ ವಾಯುಭಾರಮಾಪಕ ಓದಿ, ಗಾಳಿ-ಅಲೆ ನೋಡಿ, ಬರೆದು ಕಳಿಸುತ್ತಾರೆ. 2017-18ರ ಯಾತ್ರೆಯಲ್ಲಿ 'ತಾರಿಣಿ'ಯ ಆರು ಮಂದಿಗೂ ಈ ಕೆಲಸ ವಹಿಸಲಾಗಿತ್ತು: ದಾರಿಯುದ್ದಕ್ಕೂ ಹವೆ ಮತ್ತು ಅಲೆಗಳ ವಿವರ ಕೂಡಿಸಿ ಭಾರತೀಯ ಹವಾಮಾನ ಇಲಾಖೆಗೆ ಒದಗಿಸುವುದು. ಹಡಗುಗಳು ವಿರಳವಾದ ಆ ದಕ್ಷಿಣ ಸಾಗರದಿಂದ ಬಂದ ಒಂದೊಂದು ಅಂಕಿಯೂ ಲೆಕ್ಕದ ಜಾಲದಲ್ಲಿನ ಒಂದು ಖಾಲಿ ಬಿಂದುವನ್ನು ತುಂಬುತ್ತದೆ.

ಈ ವಾರದ ಲೆಕ್ಕ: ಅಕ್ಷಾಂಶ 12ರಿಂದ 15 ಉತ್ತರ, ರೇಖಾಂಶ 72ರಿಂದ 75 ಪೂರ್ವ, ಮಂಗಳೂರಿನಿಂದ ಕಾರವಾರದವರೆಗಿನ ಕರಾವಳಿ ಇದರೊಳಗೆ ಬಂತು. ಜಾಲ ಅರ್ಧ ಡಿಗ್ರಿಯದು. 48 ಗಂಟೆಯವರೆಗೆ, ಮೂರು ಗಂಟೆಗೊಮ್ಮೆ, ಗಾಳಿ ಮತ್ತು ಅಲೆ ಎರಡೂ ಬೇಕು. ಒಟ್ಟು ಅಂಕಿಗಳೆಷ್ಟು? ಒಂದಕ್ಕೆ 10 ಬಿಟ್, ಸೆಕೆಂಡಿಗೆ 600 ಬಿಟ್ ಎಂದರೆ ಎಷ್ಟು ಹೊತ್ತು? ಬಂದ ಕಡತದಲ್ಲಿ ಮಲ್ಪೆಯ ಎದುರಿನ ಬಿಂದುವಿಗೆ ಪೂರ್ವದ ಕಡೆಗೆ ಋಣ 3, ಉತ್ತರದ ಕಡೆಗೆ ಋಣ 4 ಎಂದಿದ್ದರೆ ಗಾಳಿ ಎಷ್ಟು ವೇಗದಲ್ಲಿ, ಯಾವ ಕಡೆಯಿಂದ ಬೀಸುತ್ತಿದೆ? ಬೇಲಿಯ ಕಂಬಗಳ ಮೇಲೆ ಕಣ್ಣಿರಲಿ. ಉತ್ತರ ಮುಂದಿನ ವಾರ.